ಚೀಲದೊಳಗೆ ಇಣುಕದ ಲೆಕ್ಕದ ಪುಸ್ತಕ

ಪ್ರಶ್ನೆ: ನಮ್ಮದು ಸಕಲೇಶಪುರದ ಕಡೆ ಎಂಟು ಎಕರೆ ರೋಬಸ್ಟಾ ತೋಟ. ಯಜಮಾನರು ಹೋದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಹೋದ ವರ್ಷ ಆನ್‌ಲೈನ್‌ನಲ್ಲಿ ಪರಿಚಯವಾದ ಹೊರರಾಜ್ಯದ ವ್ಯಾಪಾರಿಗೆ 40 ಚೀಲ ಚೆರಿ ಕಳಿಸಿದೆ. ಇಲ್ಲಿ 28 ಇದ್ದ ಓಟಿ (ಒಂದು ಚೀಲ ಚೆರಿಯಿಂದ ಸಿಗುವ ಕಾಫಿ ಬೀಜದ ತೂಕ) ಅಲ್ಲಿಗೆ ಹೋಗುವಷ್ಟರಲ್ಲಿ 25 ಆಗಿತ್ತಂತೆ, ತೇವವೂ ಜಾಸ್ತಿಯಂತೆ. ಕೊನೆಯ ಕಂತು ಇವತ್ತಿಗೂ ಬಂದಿಲ್ಲ. ಈಗ ಒಬ್ಬ ಹುಡುಗ ಬಂದು, ‘ಆಂಟಿ, ನಮ್ಮದು ಬ್ಲಾಕ್‌ಚೈನ್ ಮಾರುಕಟ್ಟೆ, ಇಲ್ಲಿ ಮೋಸ ಮಾಡೋಕೇ ಆಗಲ್ಲ’ ಅನ್ನುತ್ತಾನೆ. ಸೇರಲು 15 ಸಾವಿರ. ಮೈದುನ ಸೇರಿ ಅನ್ನುತ್ತಾನೆ. ನನಗೆ ನಿದ್ದೆ ಬರುತ್ತಿಲ್ಲ.

ಉತ್ತರ: ಮೊದಲು ನಿದ್ದೆಯ ವಿಷಯ. ನೀವು ಗುರುತಿಲ್ಲದವರನ್ನು ನಂಬಿದ್ದು ಪೆದ್ದುತನವಲ್ಲ, ವ್ಯಾಪಾರ ಅಂದರೆ ಅದೇ. ಎಡವಟ್ಟಾದದ್ದು ಅಳತೆಯನ್ನು ಕೊಳ್ಳುವವರೊಬ್ಬರ ಕೈಗೇ ಬಿಟ್ಟಾಗ.

ಬ್ಲಾಕ್‌ಚೈನ್ ಎಂಬುದು ಒಂದು ಲೆಕ್ಕದ ಪುಸ್ತಕ. ಅದರ ನಕಲು ಹಲವರ ಬಳಿ ಇರುತ್ತದೆ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು ಹೆಣೆದಿರುವುದರಿಂದ, ಹಳೆಯದೊಂದನ್ನು ತಿದ್ದಿದರೆ ಮುಂದಿನವೆಲ್ಲ ತಾಳೆ ತಪ್ಪಿ ಉಳಿದವರಿಗೆ ಗೊತ್ತಾಗಿಬಿಡುತ್ತದೆ. ‘ನಾನು ಹಾಗೆ ಒಪ್ಪಿರಲೇ ಇಲ್ಲ’ ಎಂದು ನಾಳೆ ಯಾರೂ ಜಾರಿಕೊಳ್ಳುವಂತಿಲ್ಲ. ಇದು ಸಣ್ಣ ಲಾಭವಲ್ಲ. ಆದರೆ ಪುಸ್ತಕ ಚೀಲದೊಳಗೆ ಇಣುಕುವುದಿಲ್ಲ. 28ರ ಕಾಫಿಗೆ ಯಾರಾದರೂ 25 ಎಂದು ಬರೆದರೆ ಆ ಸುಳ್ಳನ್ನೂ ಅಷ್ಟೇ ಜೋಪಾನವಾಗಿ ಕಾಪಾಡುತ್ತದೆ. ನಿಮ್ಮ ತಂಟೆ ಹುಟ್ಟಿದ್ದು ಬರೆಯುವುದಕ್ಕೆ ಮುಂಚೆ, ತಕ್ಕಡಿ ಮತ್ತು ತೇವಾಂಶದ ಮೀಟರಿನ ಹತ್ತಿರ.

ಹಾಗಾಗಿ ಆ ಹುಡುಗನನ್ನು ಕೂರಿಸಿ, ಒಂದು ಲೋಟ ಕಾಫಿ ಕೊಟ್ಟು ಕೇಳಿ: ಓಟಿ ನೋಡಿ ಬರೆಯುವವರು ಯಾರು? ನಿಮಗೂ ಕೊಳ್ಳುವವರಿಗೂ ಸಂಬಂಧವಿಲ್ಲದ ಕ್ಯೂರಿಂಗ್ ವರ್ಕ್ಸ್‌ನಲ್ಲೋ ಗೋದಾಮಿನಲ್ಲೋ ಪರೀಕ್ಷೆಯಾಗಿ, ಅಲ್ಲಿಂದಲೇ ನೇರವಾಗಿ ದಾಖಲಾಗುತ್ತದೆ ಎಂದರೆ ಮಾತು ಮುಂದುವರಿಸಿ. ಹಣ ಎಲ್ಲಿರುತ್ತದೆ? ಲಾರಿ ಹೊರಡುವ ಮುಂಚೆಯೇ ಕೊಳ್ಳುವವರು ಮೂರನೆಯವರ ಖಾತೆಯಲ್ಲಿ, ಅಂದರೆ ಎಸ್ಕ್ರೋದಲ್ಲಿ, ಇಟ್ಟಿರಬೇಕು. ಇದಿಲ್ಲದ ಬ್ಲಾಕ್‌ಚೈನ್ ನಿಮ್ಮ ಬಾಕಿಯನ್ನು ಅಳಿಸಲಾಗದ ಅಕ್ಷರದಲ್ಲಿ ಬರೆದಿಡುತ್ತದೆ, ಅಷ್ಟೆ. ಮಾತಿನ ನಡುವೆ ‘ನಮ್ಮ ಟೋಕನ್ ಕೊಳ್ಳಿ, ಬೆಲೆ ಏರುತ್ತದೆ’ ಎಂಬುದೇನಾದರೂ ಬಂದರೆ ಲೋಟ ಎತ್ತಿಕೊಂಡು ಒಳಗೆ ಹೋಗಿ.

ಇದೆಲ್ಲ ಬರೀ ಬೂಟಾಟಿಕೆಯೂ ಅಲ್ಲ. 2019ರ ಮಾರ್ಚ್‌ನಲ್ಲಿ ಕಾಫಿ ಮಂಡಳಿಯೇ ಬೆಂಗಳೂರಿನ ಏಕಾ ಪ್ಲಸ್ ಕಂಪನಿಯ ಜೊತೆ ಬ್ಲಾಕ್‌ಚೈನ್ ಆಧಾರಿತ ಇ-ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ತೆರೆದಿತ್ತು. ಬೆಳೆಗಾರರನ್ನು ನೇರ ಖರೀದಿದಾರರಿಗೆ ಜೋಡಿಸುವುದು, ಕಾಫಿ ಯಾವ ತೋಟದ್ದೆಂಬ ಜಾಡು ಉಳಿಸುವುದು ಅದರ ಉದ್ದೇಶ. ತೋಟದ ಹೆಸರಿನಲ್ಲೇ ವಿದೇಶಕ್ಕೆ ಮಾರುವವರಿಗೆ ಈ ಜಾಡಿನಿಂದ ಬೆಲೆ ಬಂದೀತು. ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ಕಾನೂನು ಕೂಡ ಕಾಫಿ ಬೆಳೆದ ಜಾಗದ ಗುರುತನ್ನೇ ಕೇಳುತ್ತದೆ. ಚೆರಿಯನ್ನು ಚೀಲದ ಲೆಕ್ಕದಲ್ಲಿ ಕೊಡುವ ನಿಮಗೆ ಸದ್ಯಕ್ಕೆ ಜಾಡಿಗಿಂತ ದುಡ್ಡು ಮುಖ್ಯ.

ಇನ್ನೊಂದು ಕಥೆ ನೆನಪಾಗುತ್ತದೆ. ಹಡಗು ಕಂಪನಿ ಮೇರ್ಸ್ಕ್ ಮತ್ತು ಐಬಿಎಂ ಸೇರಿ 2018ರಲ್ಲಿ ಸರಕು ಸಾಗಣೆಗೆಂದು ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವೇದಿಕೆ ಕಟ್ಟಿದವು. ಅದು ಓಡುತ್ತಲೂ ಇತ್ತು. ಆದರೆ ಇಡೀ ಉದ್ಯಮ ಜೊತೆಗೂಡಲಿಲ್ಲವೆಂದು 2022ರ ನವೆಂಬರ್‌ನಲ್ಲಿ ಮುಚ್ಚುವುದಾಗಿ ಅವರೇ ಹೇಳಿದರು. ಎದುರು ಅಂಗಡಿಯವನ ಪುಸ್ತಕದಲ್ಲಿ ನನ್ನ ಲೆಕ್ಕ ಏಕೆ ಬರೆಯಲಿ ಎಂಬ ಅಳುಕು ದೊಡ್ಡವರಿಗೂ ಇರುತ್ತದೆ ನೋಡಿ. ನಿಮ್ಮ ಹುಡುಗನ ವೇದಿಕೆಯಲ್ಲಿ ನಿಮಗೆ ಗೊತ್ತಿರುವ ಎಷ್ಟು ಕೊಳ್ಳುವವರಿದ್ದಾರೆ? ಇಬ್ಬರು ಬೆಳೆಗಾರರ ಫೋನ್ ನಂಬರ್ ಕೇಳಿ, ನೀವೇ ಮಾತಾಡಿ. ಅಲ್ಲಿಯವರೆಗೆ 15 ಸಾವಿರ ಕೊಡಬೇಡಿ.

ಈ ಕೊಯ್ಲಿಗೆ ಯಾವ ಸದಸ್ಯತ್ವವೂ ಇಲ್ಲದೆ ಮಾಡಬಹುದಾದದ್ದಿದೆ. ಕೊಳ್ಳುವವರ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ನೋಂದಣಿ ಯಾವಾಗಿನದು, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ, ಕಾಸು ಖರ್ಚಿಲ್ಲ. ಲೋಡ್ ಮಾಡುವಾಗ ಮೂರು ಸ್ಯಾಂಪಲ್ ಚೀಲ ಕಟ್ಟಿ ಸೀಲ್ ಹಾಕಿ, ಇಬ್ಬರ ಸಹಿಯೂ ಇರಲಿ. ಒಂದು ನಿಮಗೆ, ಒಂದು ಅವರಿಗೆ, ಇನ್ನೊಂದು ಇಬ್ಬರೂ ಒಪ್ಪುವ ಕ್ಯೂರಿಂಗ್ ವರ್ಕ್ಸ್‌ಗೆ. ತಕರಾರು ಬಂದರೆ ಆ ಮೂರನೆಯದರ ಪರೀಕ್ಷೆಯೇ ಕೊನೆ ಎಂದು ವಾಟ್ಸ್ಯಾಪ್‌ನಲ್ಲಾದರೂ ಮೊದಲೇ ಬರೆಸಿಕೊಳ್ಳಿ.

ಹಳೆಯ ಬಾಕಿಯನ್ನು ಕೈಬಿಟ್ಟ ಹಾಗೆ ಬರೆದಿದ್ದೀರಿ. ಮಾರಿದ ಮಾಲಿನ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶವಿದೆ. ಲಾರಿ ರಸೀದಿ, ಬ್ಯಾಂಕ್ ಪಾಸ್‌ಬುಕ್, ಆ ವ್ಯಾಪಾರಿಯ ಮೆಸೇಜುಗಳು ಒಂದನ್ನೂ ಅಳಿಸದೆ ಹಾಸನದಲ್ಲೋ ಸಕಲೇಶಪುರದಲ್ಲೋ ಒಬ್ಬ ವಕೀಲರಿಗೆ ತೋರಿಸಿ. ಮೈದುನನನ್ನೂ ಜೊತೆಗೆ ಕರೆದುಕೊಂಡು ಹೋಗಿ.