ಲೈನರ್ ಹಾಕಿದರೆ ಬಟ್ಟೆ ಡೈಪರಿನ ವ್ರತ ಕೆಡುವುದಿಲ್ಲ

ಪ್ರಶ್ನೆ: ನಮ್ಮದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ, ಅದರ ಮೇಲೇ ಮನೆ. ಮಗನಿಗೆ ಏಳು ತಿಂಗಳು. ಮೊದಲಿನಿಂದ ಬಟ್ಟೆ ಡೈಪರನ್ನೇ ಹಾಕುತ್ತಿದ್ದೇನೆ. ರಾಗಿ ಸರಿ ಶುರು ಮಾಡಿದ ಮೇಲೆ ಕಕ್ಕ ಅಂಟಂಟಾಗಿ, ಒಗೆಯುವುದೇ ದೊಡ್ಡ ಕೆಲಸವಾಯಿತು. ಹಾಗಾಗಿ ಒಳಗೆ ಕಾಗದದಂಥ ಲೈನರ್ ಹಾಸತೊಡಗಿದೆ. ರಾತ್ರಿ ಹೊತ್ತು ಮತ್ತು ತವರಿಗೆ ಹೋಗುವಾಗ ಬಟ್ಟೆಯ ಇನ್ಸರ್ಟ್ ತೆಗೆದು ಬಿಸಾಡುವ ಪ್ಯಾಡ್ ಇಡುತ್ತೇನೆ. 'ಇಷ್ಟೆಲ್ಲ ಬಿಸಾಡೋದಾದ್ರೆ ಬಟ್ಟೆ ಯಾಕೆ ಬೇಕಿತ್ತು?' ಅಂತ ನಾದಿನಿ ಕೇಳುತ್ತಾಳೆ. ಹೇಸಿಗೆ ಬಟ್ಟೆ ಮಷಿನ್‌ಗೆ ಹಾಕಲೇಬಾರದು ಅಂತ ಅತ್ತೆಯವರು. ಈಗ ಒಂದು ವಾರದಿಂದ ಮಗುವಿನ ತೊಡೆ ಸಂದು ಕೆಂಪಾಗಿದೆ. ಲೈನರಿನಿಂದಲೇ ಹೀಗಾಯಿತಾ? ಎಲ್ಲ ಬಿಟ್ಟು ಮಾಮೂಲಿ ಡೈಪರಿಗೆ ಹೋಗಿಬಿಡಲಾ?
– ಹೆಸರು ಬೇಡ, ಸುಲ್ತಾನ್‌ಪೇಟೆ

ಉತ್ತರ: ಮೊದಲು ಮಗುವಿನ ಚರ್ಮದ ಮಾತು. ಒಂದು ವಾರವಾಯಿತು ಎಂದಿದ್ದೀರಿ, ಇನ್ನು ಕಾಯಬೇಡಿ. ಒದ್ದೆಯಿಂದ ಬಂದ ಸಾಮಾನ್ಯ ಕೆಂಪು ಎರಡು ಮೂರು ದಿನದಲ್ಲಿ ಇಳಿಯಬೇಕು. ಇಳಿಯದೆ ಸಂದಿನ ಮಡಿಕೆಯೊಳಗೇ ಗಾಢವಾಗಿ ಕೆಂಪಾಗಿದ್ದು, ಅಂಚಿನಾಚೆ ಸಣ್ಣ ಸಣ್ಣ ಚುಕ್ಕೆಗಳು ಎದ್ದಿದ್ದರೆ ಅದು ಬಹುಮಟ್ಟಿಗೆ ಶಿಲೀಂಧ್ರದ ಸೋಂಕು. ಅದಕ್ಕೆ ಬೇರೆಯದೇ ಔಷಧಿ ಬೇಕು. ವಾಣಿವಿಲಾಸ ಆಸ್ಪತ್ರೆ ನಿಮ್ಮ ಮನೆಗೆ ದೂರವೇನಲ್ಲ. ಅಲ್ಲಾದರೂ ಸರಿ, ನಿಮ್ಮ ಮಾಮೂಲಿ ಮಕ್ಕಳ ಡಾಕ್ಟರ ಹತ್ತಿರವಾದರೂ ಸರಿ, ನಾಳೆಯೇ ತೋರಿಸಿ. ಹೋಗುವಾಗ ಲೈನರಿನ ಪೊಟ್ಟಣ, ಹಚ್ಚುತ್ತಿರುವ ಮುಲಾಮು ಎರಡನ್ನೂ ಜೊತೆಗೆ ಒಯ್ಯಿರಿ. ಔಷಧಿ ಅಂಗಡಿಯಲ್ಲಿ ಕೇಳಿದರೆ ಸ್ಟೀರಾಯ್ಡ್ ಬೆರೆತ ಮುಲಾಮು ಸಿಕ್ಕಿಬಿಡಬಹುದು. ಡಾಕ್ಟರು ಬರೆದುಕೊಡದೆ ಅದನ್ನು ಹಚ್ಚಲೇಬೇಡಿ. ಡೈಪರಿನೊಳಗೆ ಮುಚ್ಚಿಟ್ಟ ಚರ್ಮ ಔಷಧಿಯನ್ನು ಹೆಚ್ಚು ಹೀರುತ್ತದೆ.

ಲೈನರಿನಿಂದಲೇ ಆಯಿತೇ ಎಂದರೆ, ಆಗಿರಬಹುದು, ಆದರೆ ನೀವು ಅಂದುಕೊಂಡ ರೀತಿಯಲ್ಲಿ ಅಲ್ಲದಿರಬಹುದು. ಲೈನರ್ ಹೀರುವ ವಸ್ತುವಲ್ಲ. ಕಕ್ಕ ಬಟ್ಟೆಗೆ ಅಂಟದಂತೆ ತಡೆಯುವುದಷ್ಟೇ ಅದರ ಕೆಲಸ. ಉಚ್ಚೆಯನ್ನು ಹೀರಿ ಹಿಡಿದಿಡುವುದು ಅದರ ಕೆಳಗಿನ ಇನ್ಸರ್ಟ್. ಲೈನರ್ ಇದೆಯಲ್ಲ ಎಂದು ಇನ್ನೊಂದು ಗಂಟೆ ಬಿಟ್ಟರೆ, ಕೆಳಗೆ ತೊಯ್ದಿರುವ ಇನ್ಸರ್ಟಿನ ತೇವ ಮೇಲಕ್ಕೆ ಬಂದು ಚರ್ಮಕ್ಕೆ ತಾಗುತ್ತಲೇ ಇರುತ್ತದೆ. ಹಗಲಲ್ಲಿ ಎರಡು ಮೂರು ಗಂಟೆಗೊಮ್ಮೆ, ಕಕ್ಕ ಮಾಡಿದರೆ ಆ ಕ್ಷಣವೇ ಬದಲಿಸಿ. ಲೈನರಿಗೆ ಸುವಾಸನೆ ಹಾಕಿದ್ದಾರೆಯೇ, ಅದು ಮುದುಡಿಕೊಂಡು ಸಂದಿಗೆ ಸೇರಿ ಉಜ್ಜುತ್ತಿದೆಯೇ ಎಂದೂ ನೋಡಿ.

ಲೈನರಿನಲ್ಲಿ ಎರಡು ಬಗೆ. ನೀವು ಬಳಸುತ್ತಿರುವುದು ತೆಳು ಹಾಳೆಯಂಥದ್ದು. ಅದರಲ್ಲೂ ವಿಸ್ಕೋಸಿನದು ಒದ್ದೆಯಾದರೆ ಒದ್ದೆಯಾಗಿಯೇ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಇನ್ನೊಂದು ಬಟ್ಟೆಯದು, ಫ್ಲೀಸಿನದು. ಇದು ಉಚ್ಚೆಯನ್ನು ಕೆಳಗೆ ಬಿಟ್ಟು ಮೇಲೆ ತಾನು ಬಹುಮಟ್ಟಿಗೆ ಒಣಗಿರುತ್ತದೆ. ದಿನನಿತ್ಯಕ್ಕೆ ನಾನು ಇದನ್ನೇ ಹೇಳುತ್ತೇನೆ. ದುಡ್ಡು ಕೊಟ್ಟು ತರಬೇಕೆಂದೂ ಇಲ್ಲ. ಮನೆಯಲ್ಲಿ ಹಳೆಯ ತೆಳು ಫ್ಲೀಸ್ ಹೊದಿಕೆ ಇದ್ದರೆ ಐದು ಇಂಚು ಅಗಲ, ಹನ್ನೆರಡು ಇಂಚು ಉದ್ದದ ಪಟ್ಟಿಗಳಾಗಿ ಕತ್ತರಿಸಿ. ಅಂಚು ಹೊಲಿಯುವ ಕೆಲಸವೂ ಇಲ್ಲ, ಫ್ಲೀಸ್ ಎಳೆ ಬಿಡುವುದಿಲ್ಲ. ಮೂಲೆಗಳನ್ನು ಮಾತ್ರ ಗುಂಡಗೆ ಮಾಡಿ. ಕಕ್ಕ ಬಿದ್ದ ಪಟ್ಟಿಯನ್ನು ಕಮೋಡಿನ ಮೇಲೆ ಹಿಡಿದು ಕೊಡವಿದರೆ ಬಹುಪಾಲು ಬಿದ್ದುಹೋಗುತ್ತದೆ, ಉಳಿದದ್ದು ನಲ್ಲಿಯ ಸಣ್ಣ ಧಾರೆಗೆ ಬಿಡುತ್ತದೆ.

ಹಾಗೆಂದು ಹಾಳೆಯ ಲೈನರಿಗೆ ಕೆಲಸವೇ ಇಲ್ಲ ಎಂದಲ್ಲ. ನಮ್ಮ ಮನೆಗಳಲ್ಲಿ ಮಗುವಿಗೆ ಎಣ್ಣೆ ನೀರು ಹಾಕುತ್ತೇವೆ. ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ತಿಕ್ಕಿ, ಕಡಲೆಹಿಟ್ಟಿನಲ್ಲಿ ತೊಳೆದರೂ ಸೊಂಟದ ಕೆಳಗೆ ಜಿಡ್ಡು ಉಳಿದಿರುತ್ತದೆ. ಆ ಜಿಡ್ಡು ಇನ್ಸರ್ಟಿಗೆ ಇಳಿದರೆ, ಅದರಲ್ಲೂ ಮೈಕ್ರೋಫೈಬರ್‌ಗೆ, ಬಟ್ಟೆ ನೀರನ್ನು ಹೀರುವುದನ್ನೇ ನಿಲ್ಲಿಸುತ್ತದೆ. ಉಚ್ಚೆ ಮೇಲೆಯೇ ಜಾರಿ ಪಕ್ಕದಿಂದ ಸೋರುತ್ತದೆ. 'ಡೈಪರ್ ಹಾಳಾಯಿತು' ಎಂದು ಬರೆಯುವ ಎಷ್ಟೋ ತಾಯಂದಿರ ತೊಂದರೆಯ ಮೂಲ ಇದೇ. ಜಿಂಕ್ ಮುಲಾಮು ಹಚ್ಚಿದಾಗಲೂ ಹೀಗೆಯೇ. ಎಣ್ಣೆ ಹಚ್ಚಿದ ದಿನ, ಮುಲಾಮು ನಡೆಯುತ್ತಿರುವಷ್ಟು ದಿನ, ಭೇದಿಯಾದಾಗ, ಸೋಂಕಿಗೆ ಔಷಧಿ ಹಾಕುತ್ತಿರುವಾಗ ಬಿಸಾಡುವ ಲೈನರ್ ಧೈರ್ಯವಾಗಿ ಹಾಕಿ. ಉಚ್ಚೆ ಮಾತ್ರ ಆಗಿದ್ದು ಹಾಳೆ ಗಟ್ಟಿಯಾಗಿದ್ದರೆ, ಒಗೆದು ಇನ್ನೊಮ್ಮೆ ಬಳಸುವವರೂ ಇದ್ದಾರೆ. ಸೋಂಕಿರುವಾಗ ಅದು ಬೇಡ. ಬರೀ ಎದೆಹಾಲು ಕುಡಿಯುವ ಕೂಸಿಗಾದರೆ ಲೈನರೇ ಬೇಕಿಲ್ಲ, ಆ ಕಕ್ಕ ನೀರಿಗೆ ಕರಗುತ್ತದೆ. ಆರು ತಿಂಗಳ ನಂತರದ ನಿಮ್ಮ ತೊಂದರೆ ಸಹಜವಾದದ್ದೇ.

ಅತ್ತೆಯವರ ಮಾತಿಗೆ ಬರೋಣ. ದೇವರ ಮನೆಯ ಬಟ್ಟೆ, ಮಡಿ ಬಟ್ಟೆ ಒಗೆಯುವ ಮಷಿನ್‌ಗೆ ಮಗುವಿನ ಹೇಸಿಗೆ ಬಟ್ಟೆ ಹಾಕಬೇಡ ಎನ್ನುವುದನ್ನು ಹಳೆಗಾಲದ ಹಟ ಎಂದು ತಳ್ಳಬೇಡಿ. ಕಕ್ಕ ಅಂಟಿದ ಬಟ್ಟೆಯನ್ನು ನೇರವಾಗಿ ಮಷಿನ್‌ಗೆ ಹಾಕಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಲೈನರ್ ಇದ್ದರೆ ಗಟ್ಟಿ ಭಾಗ ಮೊದಲೇ ಕಮೋಡಿಗೆ ಹೋಗುತ್ತದೆ. ಉಳಿದದ್ದನ್ನು ಬಚ್ಚಲಲ್ಲಿ ಒಮ್ಮೆ ಜಾಲಿಸಿ ಹಿಂಡಿ, ಡೈಪರುಗಳನ್ನಷ್ಟೇ ಬೇರೆ ಹಾಕಿ ಒಗೆಯಿರಿ. ಇಷ್ಟನ್ನು ಅವರ ಮುಂದೆಯೇ ಒಮ್ಮೆ ಮಾಡಿ ತೋರಿಸಿ. ಕೊನೆಗೆ ಖಾಲಿ ಮಷಿನ್ ಒಂದು ಸುತ್ತು ಬಿಸಿನೀರಿನಲ್ಲಿ ಓಡಿದರೆ ಅವರ ಮನಸ್ಸಿಗೆ ಸಮಾಧಾನ ಎನ್ನುವುದಾದರೆ, ವಾರಕ್ಕೊಮ್ಮೆ ಹಾಗೂ ಮಾಡಬಹುದು. ಇನ್ಸರ್ಟುಗಳಿಗೆ 60 ಡಿಗ್ರಿ ಬಿಸಿ ಇರಲಿ, ಸೋಂಕಿರುವಾಗ ಇದು ಕಡ್ಡಾಯ. ಹೊರಗಿನ ಕವರನ್ನು ಮಾತ್ರ ಕುದಿಸಬೇಡಿ, ಅದರೊಳಗಿನ ನೀರು ತಡೆಯುವ ಪದರ ಬಿರುಕು ಬಿಡುತ್ತದೆ. ಬಟ್ಟೆ ಮೆದುವಾಗಲೆಂದು ಹಾಕುವ ಕಂಡೀಷನರ್ ಬೇಡ, ಅದೂ ಎಣ್ಣೆಯಂತೆಯೇ ಹೀರುವ ಗುಣವನ್ನು ಕೆಡಿಸುತ್ತದೆ. ಕಾವೇರಿ ನೀರು ಬಾರದ ದಿನ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಒಗೆದರೆ ಸೋಪು ಸರಿಯಾಗಿ ಬಿಡುವುದಿಲ್ಲ. ಆಗ ಇನ್ನೊಂದು ಸಲ ಬರೀ ನೀರಿನಲ್ಲಿ ಜಾಲಿಸಿ. ಉಳಿದ ಸೋಪಿನಿಂದಲೂ ಚರ್ಮ ಕೆಂಪಾಗುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಒಗೆಯುವವರೆಗೆ ಡೈಪರುಗಳನ್ನು ನೀರು ತುಂಬಿದ ಬಕೆಟ್ಟಿನಲ್ಲಿ ನೆನೆಹಾಕುವ ಅಭ್ಯಾಸವಿದ್ದರೆ ಇಂದೇ ಬಿಡಿ. ನಿಮ್ಮ ಮಗ ಅಂಬೆಗಾಲಿಡುವ ಹೊತ್ತು. ಬಕೆಟ್ಟಿನ ತಳದಲ್ಲಿ ನಾಲ್ಕು ಬೆರಳು ನೀರಿದ್ದರೂ ಕೂಸಿನ ಜೀವಕ್ಕೆ ಅಪಾಯ. ಜಾಲಿಸಿ ಹಿಂಡಿದ್ದನ್ನು ಒಣ ಬುಟ್ಟಿಯಲ್ಲಿ ಗಾಳಿಯಾಡುವಂತೆ ಇಟ್ಟು, ಎರಡು ದಿನದೊಳಗೆ ಒಗೆದುಬಿಡಿ.

ರಾತ್ರಿಯ ಪ್ಯಾಡಿನ ವಿಷಯ. ಕವರಿನೊಳಗೆ ಇಡಲೆಂದೇ ಮಾಡಿದ ಪ್ಯಾಡಾದರೆ ತಪ್ಪೇನಿಲ್ಲ. ಅದನ್ನು ಜೇಬಿನೊಳಗೆ ತುರುಕದೆ ಕವರಿನ ಮೇಲೆಯೇ, ಚರ್ಮಕ್ಕೆ ತಾಗುವಂತೆ ಹಾಸಿ. ಪ್ಯಾಡಿಗೂ ಚರ್ಮಕ್ಕೂ ನಡುವೆ ಬಟ್ಟೆಯ ಪದರ ಬಂದರೆ ಅದು ಒದ್ದೆಯಾಗಿ ಉಳಿಯುತ್ತದೆ. ಸ್ಯಾನಿಟರಿ ನ್ಯಾಪ್ಕಿನ್ ಇಟ್ಟು ಕೆಲಸ ಸಾಗಿಸುವವರಿದ್ದಾರೆ, ಅದು ಬೇಡ. ಮಗುವಿನ ಉಚ್ಚೆ ಒಮ್ಮೆಗೇ ಬರುವ ವೇಗಕ್ಕೆ ಅದು ಮಾಡಿದ್ದಲ್ಲ. ಪ್ಯಾಡ್ ಹರಿದು ಒಳಗಿನ ಮುತ್ತಿನಂಥ ಜೆಲ್ ಕವರಿಗೆ ಅಂಟಿದರೆ ನೀರು ಹಾಕಬೇಡಿ, ಇನ್ನೂ ಉಬ್ಬುತ್ತದೆ. ಒಣಗಲು ಬಿಟ್ಟು ಕೊಡವಿ. ಅಕಸ್ಮಾತ್ ಮಷಿನ್‌ಗೆ ಹೋಗಿಬಿಟ್ಟಿದ್ದರೆ ಒಂದು ಹಿಡಿ ಉಪ್ಪು ಹಾಕಿ. ಉಪ್ಪು ಬಿದ್ದರೆ ಜೆಲ್ ನೀರು ಬಿಟ್ಟು ಕುಗ್ಗುತ್ತದೆ, ಒರೆಸಿ ತೆಗೆಯುವುದು ಸುಲಭ.

ಬಿಸಾಡುವುದು ಎಲ್ಲಿಗೆ? ಪೊಟ್ಟಣದ ಮೇಲೆ 'ಫ್ಲಶ್ ಮಾಡಬಹುದು' ಎಂದು ಬರೆದಿದ್ದರೂ ಲೈನರನ್ನು ಕಮೋಡಿಗೆ ಹಾಕಬೇಡಿ. ಅದು ಟಾಯ್ಲೆಟ್ ಪೇಪರಿನಂತೆ ಕರಗುವುದಿಲ್ಲ. ಪೇಟೆಯ ಹಳೆಯ ಮನೆಗಳ ಕಿರಿದಾದ ಪೈಪಿನಲ್ಲಿ ಸಿಕ್ಕಿಕೊಂಡರೆ ಬಿಡಿಸಲು ಇಳಿಯಬೇಕಾದವರು ಯಾರೆಂದು ನಿಮಗೆ ಗೊತ್ತು. ಕಕ್ಕವನ್ನು ಮಾತ್ರ ಕಮೋಡಿಗೆ ಬೀಳಿಸಿ, ಲೈನರ್ ಮತ್ತು ಪ್ಯಾಡನ್ನು ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಹಸಿ ಕಸ, ಒಣ ಕಸ ಎರಡಕ್ಕೂ ಸೇರಿಸದೆ ಬೇರೆ ಕೊಡಿ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಆದೇಶದಿಂದ ಬೆಂಗಳೂರಿಗೆ ಬಂದ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯಲ್ಲಿ ಕೆಂಪು ಬುಟ್ಟಿ ಇರುವುದು ಇಂಥದ್ದಕ್ಕೇ. 2016ರ ಘನತ್ಯಾಜ್ಯ ನಿಯಮಗಳೂ ಡೈಪರುಗಳನ್ನು ಸುತ್ತಿಯೇ ಕೊಡಬೇಕೆಂದಿದ್ದವು. ಲಗ್ನಪತ್ರಿಕೆ ಅಂಗಡಿಯವರಿಗೆ ರದ್ದಿ ಕಾಗದಕ್ಕೇನು ಬರ? ಪೌರಕಾರ್ಮಿಕರು ಬರಿಗೈಯಲ್ಲಿ ಬಿಚ್ಚಿ ನೋಡುವಂತಾಗಬಾರದು.

ನಾದಿನಿಯ ಪ್ರಶ್ನೆಗೂ ಉತ್ತರ ಇದೆ. ಬ್ರಿಟನ್ನಿನ ಪರಿಸರ ಇಲಾಖೆಯ ಸಂಸ್ಥೆಯೊಂದು 2008ರಲ್ಲಿ ಒಂದು ಮಗುವಿನ ಎರಡೂವರೆ ವರ್ಷದ ಲೆಕ್ಕ ಹಾಕಿತ್ತು. ಹವಾಮಾನದ ಮೇಲಿನ ಹೊರೆ ಬಿಸಾಡುವ ಡೈಪರಿನಿಂದ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ, ಬಟ್ಟೆಯದರಿಂದ 570. ಬಟ್ಟೆಯದೇ ಒಂದು ಕೈ ಹೆಚ್ಚು! ಆದರೆ ಮಷಿನ್ ತುಂಬಿಸಿ ಒಗೆದು, ಹೊರಗೆ ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಅದನ್ನೇ ಬಳಸಿದರೆ ಸುಮಾರು 200 ಕಿಲೋ ಇಳಿಯುತ್ತದೆ. ಅಂದರೆ ಉಳಿತಾಯ ಇರುವುದು ಒಗೆಯುವ, ಒಣಗಿಸುವ ಕ್ರಮದಲ್ಲಿ. ತಾರಸಿಯ ಬಿಸಿಲಿನಲ್ಲಿ ಒಣಗಿಸುವ ನೀವು ರಾತ್ರಿಗೊಂದು ಪ್ಯಾಡ್ ಇಟ್ಟ ಮಾತ್ರಕ್ಕೆ ಹಗಲಿನ ಒಗೆತವೆಲ್ಲ ವ್ಯರ್ಥವಾಗುವುದಿಲ್ಲ. ಬಟ್ಟೆಯ ಡೈಪರನ್ನು ಪೂರ್ತಿ ಬಿಟ್ಟುಬಿಡುವ ತಾಯಂದಿರಲ್ಲಿ ಬಹಳ ಮಂದಿ ದಣಿದು ಬಿಡುತ್ತಾರೆ. ನಿದ್ದೆ ಉಳಿಸಿಕೊಟ್ಟು ನಿಮ್ಮನ್ನು ಬಟ್ಟೆಯಲ್ಲೇ ಮುಂದುವರಿಸುವ ಪ್ಯಾಡಾದರೆ ಅದು ಇರಲಿ ಎನ್ನುತ್ತೇನೆ.

ಮಳೆಗಾಲ ಬಂದಾಗ ದಪ್ಪ ಇನ್ಸರ್ಟುಗಳು ಒಣಗುವುದೇ ಇಲ್ಲ, ಆಗ ಪ್ಯಾಡಿನ ಖರ್ಚು ಏರುತ್ತದೆ. ಅದಕ್ಕೆ ಮೊದಲೇ ಅತ್ತೆಯವರ ಹತ್ತಿರ ಒಂದು ಹಳೆಯ ಹತ್ತಿ ಪಂಚೆ ಕೇಳಿ. ಚೌಕವಾಗಿ ಕತ್ತರಿಸಿ, ಅವರ ಕೈಯಲ್ಲೇ ಲಂಗೋಟಿಯಂತೆ ಉದ್ದಕ್ಕೆ ಮಡಿಸಿ, ಕವರಿನೊಳಗೆ ಹಾಸಿ ಮೇಲೊಂದು ಫ್ಲೀಸ್ ಪಟ್ಟಿ ಇಡಿ. ಒಗೆದ ಮೇಲೆ ಬಿಡಿಸಿ ಒಂದೇ ಪದರವಾಗಿ ಹರವಿದರೆ ಮನೆಯೊಳಗಿನ ಫ್ಯಾನ್ ಗಾಳಿಗೂ ಒಣಗುತ್ತದೆ. ಮಗುವಿನ ಚರ್ಮ ಪೂರ್ತಿ ವಾಸಿಯಾದ ಮೇಲೆ ಇದನ್ನು ಶುರು ಮಾಡಿ. ಅಲ್ಲಿಯವರೆಗೆ ಹಾಳೆಯ ಲೈನರೇ ಇರಲಿ, ದಿನಕ್ಕೆ ಒಂದೆರಡು ಸಲ ಡೈಪರ್ ಇಲ್ಲದೆ ಮಗುವನ್ನು ಚಾಪೆಯ ಮೇಲೆ ಗಾಳಿಗೆ ಬಿಡಿ.