ಗೋಪುರದ ಕೆಂಪು ದೀಪ, ಬಾಕಿ ಉಳಿದ ಬಿಲ್ಲು

ವಿಜ್ಞಾನ ವಿಭಾಗದವರಿಗೂ ವಾಣಿಜ್ಯ ವಿಭಾಗದವರಿಗೂ ಒಟ್ಟಿಗೆ ಹೊಂದುವ ಪಾಠ ಸಿಗುವುದು ಅಪರೂಪ. ಅಮೆರಿಕದ ಗುತ್ತಿಗೆ ರೇಡಿಯೋ ಎಂಜಿನಿಯರ್‌ಗಳ ಕಸುಬು ಅಂಥದ್ದೊಂದು. ಯಂತ್ರ ಸರಿಪಡಿಸಲು ಭೌತಶಾಸ್ತ್ರ ಬೇಕು. ಸರಿಪಡಿಸಿದ್ದಕ್ಕೆ ಹಣ ಪಡೆಯಲು ಕರಾರಿನ ಕಾನೂನು ಬೇಕು. ಎರಡನೆಯದೇ ಹೆಚ್ಚು ಕಷ್ಟ.

ನಮ್ಮ ದೇಶದಲ್ಲಿ ಮಧ್ಯಮ ತರಂಗದ ಪ್ರಸಾರ ಆಕಾಶವಾಣಿಯ ಕೈಯಲ್ಲಿದೆ. ಖಾಸಗಿಯವರಿಗೆ ಸಿಕ್ಕಿದ್ದು ಎಫ್‌ಎಂ ಮಾತ್ರ. ಅದರ ಮೊದಲ ಕೇಂದ್ರ 2001ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸಣ್ಣ ಸಣ್ಣ ಊರುಗಳಲ್ಲೂ ಖಾಸಗಿ ಎಎಂ ಕೇಂದ್ರಗಳಿವೆ. 1980ರ ದಶಕದ ಆರಂಭದವರೆಗೆ ಪರೀಕ್ಷೆ ಪಾಸಾಗಿ ಸರ್ಕಾರಿ ಪರವಾನಗಿ ಪಡೆದ ತಂತ್ರಜ್ಞರೇ ಟ್ರಾನ್ಸ್‌ಮಿಟರ್ ನೋಡಿಕೊಳ್ಳಬೇಕಿತ್ತು. ಆ ನಿಯಮ ಸಡಿಲವಾಯಿತು. ಕೇಳುಗರು ಎಫ್‌ಎಂ ಕಡೆ ಹೋದರು, ಜಾಹೀರಾತು ಇಳಿಯಿತು. 1996ರ ದೂರಸಂಪರ್ಕ ಕಾಯ್ದೆ ಒಬ್ಬ ಮಾಲೀಕ ದೇಶದಲ್ಲಿ ಇಷ್ಟೇ ಕೇಂದ್ರ ಹೊಂದಬೇಕೆಂಬ ಮಿತಿಯನ್ನು ತೆಗೆದ ಮೇಲೆ ದೊಡ್ಡ ಕಂಪನಿಗಳು ಒಬ್ಬನೇ ಎಂಜಿನಿಯರ್‌ಗೆ ಹಲವು ಕೇಂದ್ರ ವಹಿಸಿದವು. ಸಣ್ಣ ಮಾಲೀಕರು ಸಂಬಳದ ಎಂಜಿನಿಯರ್‌ನನ್ನೇ ಬಿಟ್ಟು, ಕೆಟ್ಟಾಗ ಕರೆಯುವ ಗುತ್ತಿಗೆಯವನನ್ನು ಹಿಡಿದರು.

ಈಗ ವಿಜ್ಞಾನದವರು ಗಮನಿಸಿ. 1000 ಕಿಲೋಹರ್ಟ್ಸ್ ಕೇಂದ್ರದ ತರಂಗದೂರ ಎಷ್ಟು? ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ 300 ಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 75 ಮೀಟರ್ ಎತ್ತರದ ಉಕ್ಕಿನ ಗೋಪುರವೇ ಆಂಟೆನಾ. ಗೋಪುರದ ಮೇಲೆ ಆಂಟೆನಾ ಕಟ್ಟಿರುವುದಿಲ್ಲ. ಗೋಪುರಕ್ಕೇ ವಿದ್ಯುತ್ ಹರಿಯುತ್ತದೆ. ಆದ್ದರಿಂದ ಅದು ಸಾಮಾನ್ಯವಾಗಿ ಪಿಂಗಾಣಿಯ ನಿರೋಧಕದ ಮೇಲೆ ನಿಂತಿರುತ್ತದೆ. ಇದು ಅರ್ಧ ಆಂಟೆನಾ ಮಾತ್ರ. ಉಳಿದರ್ಧ ನೆಲದೊಳಗಿದೆ: ಗೋಪುರದ ಬುಡದಿಂದ ಚಕ್ರದ ಅರೆಕಾಲುಗಳಂತೆ ಸುತ್ತಲೂ ಹೂತ ತಾಮ್ರದ ತಂತಿಗಳು. 1937ರಲ್ಲಿ ಆರ್‌ಸಿಎ ಕಂಪನಿಯ ಬ್ರೌನ್, ಲೂಯಿಸ್, ಎಪ್‌ಸ್ಟೀನ್ ಎಂಬ ಮೂವರು ತಮ್ಮ ಪ್ರಯೋಗಗಳನ್ನು ಪ್ರಕಟಿಸಿದ ನಂತರ ಒಂದು ಗೋಪುರಕ್ಕೆ 120 ತಂತಿ ಎನ್ನುವುದು ವಾಡಿಕೆಯಾಯಿತು. ತಲಾ 75 ಮೀಟರ್ ಎಂದರೆ ಒಟ್ಟು 9 ಕಿಲೋಮೀಟರ್ ತಾಮ್ರ! ಕಳ್ಳರಿಗೆ ಇದು ಗೊತ್ತು. ತಂತಿ ಕಳುವಾದರೆ ಟ್ರಾನ್ಸ್‌ಮಿಟರ್ ಓಡುತ್ತಲೇ ಇರಬಹುದು, ಆದರೆ ಶಕ್ತಿ ನೆಲವನ್ನು ಬಿಸಿ ಮಾಡುವುದರಲ್ಲಿ ಕಳೆದುಹೋಗುತ್ತದೆ. ಮಾಲೀಕ ಎಂಜಿನಿಯರ್‌ಗೆ ಫೋನ್ ಮಾಡಿ "ಪಕ್ಕದ ಊರಿಗೆ ಕೇಳಿಸುತ್ತಿಲ್ಲ" ಎನ್ನುತ್ತಾನೆ.

ನಿರ್ಲಕ್ಷ್ಯ ಒಂದೇ ದಿನದಲ್ಲಿ ಆಗುವುದಲ್ಲ. ಗಾಳಿ ಶೋಧಕವನ್ನು ಯಾರೂ ತೊಳೆಯುವುದಿಲ್ಲ, ಯಂತ್ರ ಬಿಸಿಯಾಗುತ್ತದೆ. ಬೇಲಿ ಬೀಳುತ್ತದೆ. ಎಎಂ ಗೋಪುರದ ಬುಡಕ್ಕೆ ಬೇಲಿ ಇರಲೇಬೇಕೆಂಬುದು ಅಲ್ಲಿನ ಸಂಪರ್ಕ ಆಯೋಗದ (ಎಫ್‌ಸಿಸಿ) ನಿಯಮ, ಏಕೆಂದರೆ ನೆಲದ ಮೇಲೆ ನಿಂತು ಗೋಪುರ ಮುಟ್ಟಿದವನಿಗೆ ಸುಟ್ಟ ಗಾಯವಾಗುತ್ತದೆ. ಕಳೆ ಬೆಳೆದು ನಿರೋಧಕದ ಎತ್ತರಕ್ಕೆ ಬರುತ್ತದೆ. ಬೆಚ್ಚಗಿರುವ ಪೆಟ್ಟಿಗೆಗಳೊಳಗೆ ಇಲಿ, ಕಣಜ, ಇಲಿಯ ಹಿಂದೆ ಹಾವು. ಹಳೆಯ ಕವಾಟದ ಟ್ರಾನ್ಸ್‌ಮಿಟರ್‌ಗಳಲ್ಲಿ ಸಾವಿರಾರು ವೋಲ್ಟ್ ಇರುತ್ತದೆ; ಸ್ವಿಚ್ ಆರಿಸಿದ ಮೇಲೂ ಧಾರಕಗಳಲ್ಲಿ (ಕೆಪಾಸಿಟರ್) ಆವೇಶ ಉಳಿದಿರಬಹುದು. ಅದಕ್ಕಾಗಿ ನೆಲಕ್ಕೆ ಜೋಡಿಸಿದ ಕೊಕ್ಕೆ ಕೋಲಿನಿಂದ ಮೊದಲು ಮುಟ್ಟಿಸಿ ಆಮೇಲೆ ಕೈ ಹಾಕಬೇಕು. ಮಧ್ಯರಾತ್ರಿ, ಹೊಲದ ನಡುವಿನ ಗುಡಿಸಲಲ್ಲಿ, ಒಬ್ಬನೇ. ಇಂಥ ಕೆಲಸಕ್ಕೆ ಒಬ್ಬನೇ ಹೋಗಬಾರದೆಂದು ಎಲ್ಲರಿಗೂ ತಿಳಿದಿದೆ. ಜೊತೆಗೊಬ್ಬನಿಗೆ ಕೂಲಿ ಕೊಡಲು ಮಾಲೀಕ ಒಪ್ಪುವುದಿಲ್ಲ.

ಇನ್ನು ವಾಣಿಜ್ಯದವರ ಸರದಿ. ಒಂದು ಕಲ್ಪಿತ ಲೆಕ್ಕ ಹಾಕೋಣ. ಬಿಡಿಭಾಗಕ್ಕೆ 600 ಡಾಲರ್. ಎಂಜಿನಿಯರ್ ತನ್ನ ಕೈಯಿಂದ ಕೊಟ್ಟಿದ್ದಾನೆ. 8 ಗಂಟೆ ದುಡಿಮೆ, ಗಂಟೆಗೆ 75ರಂತೆ 600 ಡಾಲರ್. ಬಿಲ್ಲು 1200. ಮಾಲೀಕ ಕೊಡದಿದ್ದರೆ ನಷ್ಟ ಎಷ್ಟು? ದುಡಿಮೆ ಹೋಯಿತು, ಅದರ ಜೊತೆಗೆ ಮನೆಯ ಹಣವೂ ಹೋಯಿತು. ಅಂದರೆ ಎಂಜಿನಿಯರ್ ಆ ಕೇಂದ್ರಕ್ಕೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಯಿತು, ಅದೂ ಯಾವ ಭದ್ರತೆಯೂ ಇಲ್ಲದೆ. ಕೇಂದ್ರ ದಿವಾಳಿಯಾದರೆ ಅಡಮಾನ ಇಟ್ಟುಕೊಂಡ ಬ್ಯಾಂಕು ಮುಂದೆ, ಇವನು ಸರದಿಯ ಹಿಂದೆ. ಅದಕ್ಕೇ ಅನುಭವಿಗಳು ಬಿಡಿಭಾಗವನ್ನು ಮಾಲೀಕನ ಹೆಸರಿನಲ್ಲೇ, ಮಾಲೀಕನ ಹಣದಲ್ಲೇ ತರಿಸುತ್ತಾರೆ.

ಸಾಮಾನನ್ನು ತಡೆಹಿಡಿಯಬಹುದೇ? ನಮ್ಮ 1872ರ ಕರಾರು ಕಾಯ್ದೆಯ 170ನೇ ಕಲಂ ನೋಡಿ. ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ಹಾಕಿದವನು ತನ್ನ ಕೂಲಿ ಬರುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳಬಹುದು, ಬೇರೆ ಕರಾರು ಇಲ್ಲದಿದ್ದರೆ. ಕಾಯ್ದೆ ಕೊಡುವ ಉದಾಹರಣೆ ದರ್ಜಿಯದು: ಕೋಟು ಹೊಲಿದವನು ಹಣ ಬರುವವರೆಗೆ ಕೋಟು ಇಟ್ಟುಕೊಳ್ಳಬಹುದು, ಆದರೆ ಮುಗಿದ ಕೂಡಲೇ ಕೊಡುತ್ತೇನೆ, ಹಣ 3 ತಿಂಗಳ ನಂತರ ಸಾಕು ಎಂದು ಒಪ್ಪಿದ್ದರೆ ಆ ಹಕ್ಕು ಇಲ್ಲ. ಅಮೆರಿಕದ ರಾಜ್ಯಗಳಲ್ಲೂ ಕುಶಲಕರ್ಮಿಗಳಿಗೆ ಇಂಥದೇ ಹಕ್ಕು ಇದೆ, ವಿವರಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮುಖ್ಯ ಮಾತು ವಸ್ತು ಯಾರ ಕೈಯಲ್ಲಿದೆ ಎಂಬುದು. ತನ್ನ ಕಾರ್ಯಾಗಾರಕ್ಕೆ ತಂದ ಯಂತ್ರವನ್ನು ಎಂಜಿನಿಯರ್ ಇಟ್ಟುಕೊಳ್ಳಬಹುದು. ಮಾಲೀಕನ ಗುಡಿಸಲಲ್ಲಿರುವ ಟ್ರಾನ್ಸ್‌ಮಿಟರ್‌ನಿಂದ ರಾತ್ರಿ ಹೋಗಿ ಒಂದು ಭಾಗ ಕಿತ್ತು ತರುವುದು ಹಕ್ಕಲ್ಲ, ಕಳವು. ಸಿಟ್ಟಿನಲ್ಲಿ ಹಾಗೆ ಮಾಡಬೇಕೆನಿಸುವುದು ಸಹಜ. ಮಾಡಿದವನು ಮಾತ್ರ ಸಾಲ ಕೊಟ್ಟವನಾಗಿದ್ದು ಆರೋಪಿಯಾಗುತ್ತಾನೆ.

ಸೂರಃ ಅಲ್‌ಬಕರದ 282ನೇ ವಚನ ಕುರ್‌ಆನಿನಲ್ಲೇ ಅತಿ ಉದ್ದದ್ದು ಎಂಬುದು ನಿಮಗೆ ಗೊತ್ತು. ಅದರ ವಿಷಯ ಅವಧಿಯುಳ್ಳ ಸಾಲವನ್ನು ಬರೆದಿಡುವುದು, ಸಾಕ್ಷಿ ಇಡುವುದು. ಮೊತ್ತ ಚಿಕ್ಕದಾದರೂ ಬರೆಯಲು ಬೇಸರಪಡಬೇಡಿ ಎಂಬ ಸೂಚನೆಯೂ ಅದರಲ್ಲಿದೆ. ಎಫ್‌ಸಿಸಿ ನಿಯಮವೂ ಗುತ್ತಿಗೆಯ ಮುಖ್ಯ ನಿರ್ವಾಹಕನ ಜೊತೆಗಿನ ಕರಾರು ಬರಹದಲ್ಲಿರಬೇಕು, ಪ್ರತಿ ಕೇಂದ್ರದ ಕಡತದಲ್ಲಿರಬೇಕು ಎನ್ನುತ್ತದೆ. ಆದರೂ ಎಷ್ಟೋ ಕೆಲಸ ಒಂದು ಫೋನ್ ಕರೆಯಲ್ಲೇ ನಡೆಯುತ್ತದೆ.

ನಿಜವಾದ ಇಕ್ಕಟ್ಟು ಗೋಪುರದ ದೀಪದ್ದು. ಸಾಮಾನ್ಯವಾಗಿ 200 ಅಡಿಗಿಂತ (ಸುಮಾರು 61 ಮೀಟರ್) ಎತ್ತರದ ಗೋಪುರಗಳಿಗೆ ವಿಮಾನಗಳಿಗೆ ಕಾಣುವಂತೆ ಗುರುತು ಮತ್ತು ದೀಪ ಬೇಕು. ತುದಿಯ ದೀಪವೋ ಮಿನುಗುವ ದೀಪವೋ ಕೆಟ್ಟು 30 ನಿಮಿಷದಲ್ಲಿ ಸರಿಯಾಗದಿದ್ದರೆ ವಿಮಾನಯಾನ ಇಲಾಖೆಗೆ ತಕ್ಷಣ ತಿಳಿಸಬೇಕು. ಇಲಾಖೆ ಪೈಲಟ್‌ಗಳಿಗೆ ಎಚ್ಚರಿಕೆ ಹೊರಡಿಸುತ್ತದೆ. ಹೊಣೆ ಗೋಪುರದ ಮಾಲೀಕನದು. ಆದರೆ ಬಿಲ್ಲು ಬಾಕಿಯಿದೆ ಎಂದು ಕೆಲಸ ಬಿಟ್ಟ ಎಂಜಿನಿಯರ್ ಆ ದಾರಿಯಲ್ಲಿ ಹೋಗುವಾಗ ದೀಪ ಆರಿರುವುದನ್ನು ಕಂಡರೆ? ರಾತ್ರಿ ಹಾರುವ ಪೈಲಟ್‌ಗೆ ಈ ಬಾಕಿಯ ಲೆಕ್ಕದಲ್ಲಿ ಯಾವ ಪಾಲೂ ಇಲ್ಲ. ದುರಸ್ತಿ ಮಾಡುವುದು ಬಿಡಬಹುದು, ಫೋನ್ ಮಾಡಿ ತಿಳಿಸುವುದನ್ನು ಬಿಡಲಾಗದು ಎಂಬುದು ನನ್ನ ಅಭಿಪ್ರಾಯ. ಕೆಲಸ ಬಿಡುವಾಗಲೂ ಮಾಲೀಕನಿಗೆ ದಿನಾಂಕ ಹಾಕಿ ಪತ್ರ ಬರೆಯಬೇಕು: ಇಂದಿನಿಂದ ನಾನು ಹೊಣೆಗಾರನಲ್ಲ, ದೀಪ, ಬೇಲಿ, ಯಂತ್ರದ ಸ್ಥಿತಿ ಹೀಗಿದೆ, ಬೀಗದ ಕೈ ಇಗೋ.

ಹಣ ಕೊಡದ ಮಾಲೀಕ ಮತ್ತೆ ಕರೆಯುವ ಒಂದು ಸಮಯವಿದೆ. ಯಾವ ಕೇಂದ್ರವೂ ಸತತ 12 ತಿಂಗಳು ಮೌನವಾಗಿದ್ದರೆ ಅದರ ಪರವಾನಗಿ ತಾನಾಗಿಯೇ ಮುಗಿಯುತ್ತದೆ ಎಂದು ಅಮೆರಿಕದ ಕಾನೂನು ಹೇಳುತ್ತದೆ. ಕೇಂದ್ರ ಮುಚ್ಚಿ ಕುಳಿತ ಮಾಲೀಕನಿಗೆ ಹನ್ನೊಂದನೆಯ ತಿಂಗಳಲ್ಲಿ ನೆನಪಾಗುತ್ತದೆ, "ಹೇಗಾದರೂ ಮಾಡಿ ಎರಡು ದಿನ ಓಡಿಸಿಕೊಡು" ಎಂದು ಫೋನ್ ಬರುತ್ತದೆ. ಕಸುಬು ಬಲ್ಲವನು ಆಗ ಹಳೆಯ ಬಾಕಿಯನ್ನೂ ಹೊಸ ಕೆಲಸದ ಮುಂಗಡವನ್ನೂ ಕೇಳುತ್ತಾನೆ, ಹಣ ಬ್ಯಾಂಕಿನಲ್ಲಿ ಜಮೆಯಾದದ್ದನ್ನು ನೋಡಿಕೊಂಡು ಗಾಡಿ ಹೊರಡಿಸುತ್ತಾನೆ.