ಅಯ್ಯನವರಿಗೆ ವರ್ಗವಾದಾಗ

ಪ್ರೀತಿಯ ತಮ್ಮಾ,

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಸಣ್ಣ ಕ್ರೈಸ್ತ ಸಭೆಗಳಲ್ಲಿ ಪಾದ್ರಿ ಅಯ್ಯನವರಿಗೆ ವರ್ಗವಾಯಿತೆಂದರೆ ಮೊದಲು ಏಳುವ ಪ್ರಶ್ನೆ, ಶಾಲು ಯಾರು ತರೋದು. ಎರಡನೆಯದು, ಫ್ಲೆಕ್ಸಿನ್ಯಾಗ ಯಾರ‍್ಯಾರ ಫೋಟೊ. ಗೋಧಿ ಹುಗ್ಗಿಗೆ ಬೆಲ್ಲ ಎಷ್ಟು ಬೇಕೆಂಬುದು ಮೂರನೆಯದು. ಯುವಕ ಸಂಘದ ಕಾರ್ಯದರ್ಶಿಯಾಗಿ ಈ ಸಲ ಬೀಳ್ಕೊಡುಗೆಯ ಹೊಣೆ ನಿನ್ನ ಹೆಗಲ ಮೇಲೆ ಬಿದ್ದಿದೆ. ಹುಗ್ಗಿಯ ಚಿಂತೆ ಬಿಡು, ಅದನ್ನು ಮಹಿಳಾ ಸಂಘದವರು ನಿನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ. ನೀನು ನೋಡಬೇಕಾದದ್ದು ಮಾನಪತ್ರವನ್ನು.

ಮಾನಪತ್ರಗಳಿಗೆ ಒಂದು ಸಿದ್ಧ ಭಾಷೆಯಿದೆ. ಸರ್ವತೋಮುಖ ಅಭಿವೃದ್ಧಿ, ನಿಸ್ವಾರ್ಥ ಸೇವೆ, ತುಂಬಲಾರದ ನಷ್ಟ. ಹೆಸರೊಂದನ್ನು ಬದಲಿಸಿದರೆ ಸಾಕು, ಅದೇ ಹಾಳೆ ಬ್ಯಾಂಕ್ ಮ್ಯಾನೇಜರಿಗೂ ಆಗುತ್ತದೆ, ತಹಶೀಲ್ದಾರರಿಗೂ ಆಗುತ್ತದೆ. ಹೀಗೆ ಎಲ್ಲರಿಗೂ ಹೊಂದುವ ಮಾತು ಕೊನೆಗೆ ಯಾರಿಗೂ ಹೇಳಿದ ಹಾಗೆ ಆಗುವುದಿಲ್ಲ. ಅದರ ಬದಲು ಸಭೆಯ ಒಂದೊಂದು ಮನೆಗೂ ಹೋಗಿ ಕೇಳು: ಅಯ್ಯನವರು ನಿಮಗೆ ಏನು ಮಾಡಿದರು? ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಯಾರ ಹಾಸಿಗೆಯ ಪಕ್ಕ ಕೂತಿದ್ದರು, ಯಾವ ಅಣ್ಣತಮ್ಮಂದಿರ ಹೊಲದ ಜಗಳವನ್ನು ಕೋರ್ಟಿಗೆ ಹೋಗದಂತೆ ತಡೆದರು, ಶಾಲೆ ಬಿಡಲಿದ್ದ ಯಾವ ಹುಡುಗಿಯ ಫೀ ಕಟ್ಟಿದರು. ಅಷ್ಟನ್ನೇ ಬರೆ, ಹೆಸರು ಹೇಳಲು ಒಪ್ಪಿದವರ ಹೆಸರಿನೊಂದಿಗೆ. ಮಾನಪತ್ರ ಅರ್ಧ ಪುಟವಾದರೂ ಚಿಂತೆಯಿಲ್ಲ.

ಬೈಬಲ್‌ನಲ್ಲೇ ಎರಡು ದೊಡ್ಡ ಬೀಳ್ಕೊಡುಗೆಗಳಿವೆ. ಮುಪ್ಪಾದ ಸಮುವೇಲನು ಅಧಿಕಾರ ಬಿಡುವಾಗ ಗಿಲ್ಗಾಲಿನಲ್ಲಿ ಜನರ ಮುಂದೆ ನಿಂತು ಹೊಗಳಿಕೆ ಕೇಳಲಿಲ್ಲ, ಲೆಕ್ಕ ಕೇಳಿದ. ಯಾರ ಎತ್ತನ್ನಾದರೂ ಹೊಡೆದುಕೊಂಡಿದ್ದೇನೆಯೇ, ಯಾರಿಂದಲಾದರೂ ಲಂಚ ತಿಂದಿದ್ದೇನೆಯೇ, ಇದ್ದರೆ ಈಗಲೇ ಹೇಳಿ, ಹಿಂದಿರುಗಿಸುತ್ತೇನೆ ಎಂದ. ಇಲ್ಲವೆಂದು ಜನ ಸಾಕ್ಷಿ ನುಡಿದರು. ಪೌಲನೂ ಮಿಲೇತದಲ್ಲಿ ಎಫೆಸದ ಹಿರಿಯರ ಮುಂದೆ ಹೆಚ್ಚುಕಡಿಮೆ ಹೀಗೆಯೇ ಲೆಕ್ಕ ಒಪ್ಪಿಸಿದ. ಆಮೇಲೆ ಅವರು ಅವನ ಕೊರಳು ತಬ್ಬಿ ಅತ್ತು ಹಡಗಿನ ತನಕ ಬಂದು ಕಳಿಸಿದರು. ಅಳು ಬಂದದ್ದು ಲೆಕ್ಕ ಮುಗಿದ ಮೇಲೆ. ನಮ್ಮ ಕಡೆ ಅಳು ಮೊದಲು ಮುಗಿದು, ಕಟ್ಟಡ ನಿಧಿಯ ಲೆಕ್ಕದ ಗುಸುಗುಸು ಅಯ್ಯನವರ ಗಾಡಿ ಊರು ದಾಟಿದ ಮೇಲೆ ಶುರುವಾಗುವುದುಂಟು. ಅದು ಹೋದವರಿಗೂ ಇದ್ದವರಿಗೂ ಮರ್ಯಾದೆಯಲ್ಲ. ಲೆಕ್ಕದ ಪುಸ್ತಕವನ್ನು ಅಯ್ಯನವರಿರುವಾಗಲೇ ಸಭೆಯ ಮುಂದೆ ಓದಿಸು.

ಕಾಣಿಕೆಯ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ದಕ್ಷಿಣ ಭಾರತ ಸಭೆ 1947ರಲ್ಲಿ ಹುಟ್ಟಿದಾಗಲೇ ಬಿಷಪ್ ಆದ ಲೆಸ್ಲಿ ನ್ಯೂಬಿಗಿನ್, 1974ರಲ್ಲಿ ಮದ್ರಾಸಿನಿಂದ ನಿವೃತ್ತರಾದಾಗ ಹೆಂಡತಿ ಹೆಲೆನ್ ಜೊತೆ ಎರಡು ಸೂಟ್‌ಕೇಸು, ಬೆನ್ನಿಗೊಂದು ಚೀಲ ಹಿಡಿದು, ಸಿಕ್ಕ ಸಿಕ್ಕ ಬಸ್ಸು ಹತ್ತಿ ನೆಲದ ದಾರಿಯಲ್ಲೇ ಇಂಗ್ಲೆಂಡ್ ತಲುಪಿದರು. ಅಂಥವರಿಗೆ ಆಳೆತ್ತರದ ಗಾಜಿನ ಫಲಕ ಕೊಟ್ಟಿದ್ದರೆ ಎಲ್ಲಿಡುತ್ತಿದ್ದರೋ! ದಾರಿಗೆ ಒಂದು ಪೊಟ್ಟಣ ಸವಣೂರು ಖಾರಾ ಕಟ್ಟಿಕೊಡು, ಅದು ಖರ್ಚಾಗುತ್ತದೆ.

ಬೀಳ್ಕೊಡುವ ಭಾಗ್ಯ ಎಲ್ಲರಿಗೂ ಸಿಕ್ಕಿದ್ದಲ್ಲ. ಹಿಂದೆ ನಮ್ಮ ಕಡೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ಬಾಸೆಲ್ ಮಿಷನ್ ನೆಲೆಯೂರಿತ್ತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಅದರ ಜರ್ಮನ್ ಪಾದ್ರಿಗಳು ಸರ್ಕಾರದ ಕಣ್ಣಿಗೆ ಶತ್ರು ದೇಶದವರಾದರು. ಹಲವರನ್ನು ಅಹ್ಮದ್‌ನಗರದ ಶಿಬಿರದಲ್ಲಿಟ್ಟು, ಆಮೇಲೆ ಹಡಗು ಹತ್ತಿಸಿ ಅವರ ದೇಶಕ್ಕೆ ಕಳಿಸಿದರು. ಶಾಲೆ, ಆಸ್ಪತ್ರೆ, ಸಭೆಗಳ ಭಾರವೆಲ್ಲ ಉಳಿದವರ ಮೇಲೆ ಬಿತ್ತು. ವರ್ಷಗಟ್ಟಲೆ ಪಾಠ ಹೇಳಿದವರಿಗೆ ಹೋಗಿ ಬನ್ನಿ ಎನ್ನಲೂ ಎಷ್ಟೋ ಮಂದಿಗೆ ಆಗಲಿಲ್ಲ.

ಅದೇ ಮಿಷನ್ನಿನ ಕಿಟೆಲ್ ಕಥೆಯನ್ನೂ ನೋಡು. 1853ರಲ್ಲಿ ಬಂದು, ಕನ್ನಡಕ್ಕೆ ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ಕೊಟ್ಟವರು ತೀರಿಕೊಂಡದ್ದು 1903ರಲ್ಲಿ, ದೂರದ ಟ್ಯೂಬಿಂಗನ್ನಿನಲ್ಲಿ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ನಿಂತಿರುವುದು ಒಳ್ಳೆಯದೇ. ಆದರೆ ಪ್ರತಿಮೆಗೆ ಕಿವಿಯಿಲ್ಲ. ನಿಮ್ಮ ಅಯ್ಯನವರು ಇನ್ನೂ ಎದುರಿಗಿದ್ದಾರೆ, ಹೇಳುವುದನ್ನು ಈಗಲೇ ಹೇಳಿಬಿಡಿ.

ಋಣ ತೀರಿಸುವ ಬಗೆ ಕಲಿಯಲು ಹಾನಗಲ್ಲಿನವರು ಬಹಳ ದೂರ ಹೋಗಬೇಕಾಗಿಲ್ಲ. ಅಲ್ಲಿನ ವಿರಕ್ತಮಠದ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಶಿವಯೋಗಮಂದಿರ ಕಟ್ಟಿದವರು. ಅದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಒಬ್ಬ ಕುರುಡ ಹುಡುಗನ ದನಿ ಅವರ ಕಿವಿಗೆ ಬಿತ್ತು. ಅವನಿಗೆ ಸಂಗೀತದ ಶಿಕ್ಷಣ ಕೊಡಿಸಿದರು. ಆ ಹುಡುಗನೇ ಪಂಚಾಕ್ಷರ ಗವಾಯಿ. ಕುಮಾರ ಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು. ಗವಾಯಿಗಳು ಗುರುವಿನ ಗುಣಗಾನ ಮಾಡುತ್ತ ಕೂರಲಿಲ್ಲ, ತಮಗೆ ಸಿಕ್ಕಿದ್ದನ್ನು ಬೇರೆ ಅಂಧ ಮಕ್ಕಳಿಗೆ ಕೊಟ್ಟರು, ಊಟ ಹಾಕಿ, ವಿದ್ಯೆ ಕಲಿಸಿ. ಹಾಗೆ ಕಲಿತವರಲ್ಲಿ ಹಾನಗಲ್ಲ ತಾಲ್ಲೂಕಿನವರೇ ಆದ ಪುಟ್ಟರಾಜರೂ ಒಬ್ಬರು. 1944ರಲ್ಲಿ ಗವಾಯಿಗಳು ಹೋದ ಮೇಲೆ ಅವರ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು 2010ರ ತನಕ ನಡೆಸಿದವರು ಅವರೇ. ಮಠ ಬೇರೆ, ಸಭೆ ಬೇರೆ, ನಿಜ. ಆದರೂ ನಿಮ್ಮ ಅಯ್ಯನವರು ಸಂಜೆ ಪಾಠ ಶುರುಮಾಡಿದ್ದರೆ, ವರ್ಗದ ಮರುದಿನ ಸಂಜೆ ಆ ಕೋಣೆಯ ದೀಪ ಹಚ್ಚುವವರು ಯಾರು ಎಂಬುದನ್ನು ಸಮಾರಂಭಕ್ಕೆ ಮುಂಚೆಯೇ ಗೊತ್ತುಮಾಡಿಕೋ. ವೇದಿಕೆಯ ಮೇಲೆ ಆ ಹೆಸರು ಹೇಳಿದರೆ ಅಯ್ಯನವರಿಗೆ ಶಾಲಿಗಿಂತ ಹೆಚ್ಚು ಸಂತೋಷವಾಗುತ್ತದೆ.

ಇನ್ನು ಬರುವವರ ಮಾತು. ಬೆಳಗಾವಿಯ ಕಥೊಲಿಕ ಧರ್ಮಪ್ರಾಂತ್ಯಕ್ಕೆ ಬಿಷಪ್ಪರನ್ನು ಬೆಂಗಳೂರಿಗೆ ಕಳಿಸಿಕೊಡುವುದು ರೂಢಿಯೇ ಆಗಿದೆ: 2004ರಲ್ಲಿ ಬರ್ನಾರ್ಡ್ ಮೊರಾಸ್, 2018ರಲ್ಲಿ ಪೀಟರ್ ಮಚಾದೊ, ಇಬ್ಬರೂ ಅಲ್ಲಿಂದ ಹೋಗಿ ಆರ್ಚ್‌ಬಿಷಪ್ ಆದರು. ಮರುವರ್ಷ ಕಾರವಾರದಿಂದ ಡೆರೆಕ್ ಫರ್ನಾಂಡಿಸ್ ಬೆಳಗಾವಿಗೆ ಬಂದರು, ಆಗ ಕಾರವಾರದವರೂ ಒಬ್ಬರನ್ನು ಕಳಿಸಿಕೊಟ್ಟ ಹಾಗಾಯಿತು. ಒಂದು ಊರಿನ ಬೀಳ್ಕೊಡುಗೆ ಇನ್ನೊಂದು ಊರಿನ ಸ್ವಾಗತ. ಹೋಗುವವರೂ ಬರುವವರನ್ನು ಗೌರವಿಸಬಹುದು: 2013ರ ಫೆಬ್ರವರಿ 28ರಂದು ಪೋಪ್ ಹದಿನಾರನೇ ಬೆನೆಡಿಕ್ಟ್ ಪದವಿಯಿಂದ ಇಳಿಯುವ ದಿನ ಕಾರ್ಡಿನಲ್ಲರಿಗೆ, ನಿಮ್ಮೊಳಗೇ ಮುಂದಿನ ಪೋಪ್ ಇದ್ದಾರೆ, ಅವರಿಗೆ ಈಗಲೇ ನನ್ನ ವಿಧೇಯತೆಯ ಮಾತು ಕೊಡುತ್ತೇನೆ ಎಂಬರ್ಥದಲ್ಲಿ ಹೇಳಿ ಹೋದರು. ಇನ್ನೂ ಆಯ್ಕೆಯೇ ಆಗದವರಿಗೆ!

ಹೋದ ಅಯ್ಯನವರಿಗೆ ಮದುವೆ, ನಾಮಕರಣ, ಜಗಳ ಅಂತ ವಾರಕ್ಕೊಮ್ಮೆ ಫೋನು ಹಚ್ಚುವ ಅಭ್ಯಾಸವನ್ನು ಸಂಘದವರು ಬಿಡಬೇಕು. ಹಬ್ಬಕ್ಕೆ ಮಾತಾಡಿಸಿ, ಸಾಕು. ಹೊಸಬರ ಪ್ರಸಂಗವನ್ನು ಹಳಬರ ಪ್ರಸಂಗದ ಪಕ್ಕದಲ್ಲಿಟ್ಟು ಅಳೆಯುವುದು ಮೊದಲ ಭಾನುವಾರವೇ ಶುರುವಾಗುತ್ತದೆ, ಅದಕ್ಕೆ ನೀನು ಕಿವಿಗೊಡಬೇಡ. ಸಮಾರಂಭದ ಮರುದಿನ ದೀಕ್ಷಾಸ್ನಾನದ, ಮದುವೆಯ, ಮರಣದ ರಜಿಸ್ಟರುಗಳನ್ನು ಹಿರಿಯರೊಬ್ಬರ ಎದುರು ಎಣಿಸಿ ಬೀಗ ಹಾಕಿಸು. ಅಯ್ಯನವರ ಮನೆಗೆ ಸುಣ್ಣ ಹೊಡೆಸು, ನಳ ಸೋರುತ್ತಿದ್ದರೆ ರಿಪೇರಿ ಮಾಡಿಸು. ಬರುವವರಿಗೆ ಸಣ್ಣ ಮಕ್ಕಳಿದ್ದರೆ ಶಾಲೆಯ ಸೀಟಿನ ವಿಚಾರಣೆಯನ್ನೂ ಮಾಡಿಡು. ಜೂನ್ ದಾಟಿದರೆ ಅದು ಕಷ್ಟ.

ಇಂತಿ ನಿನ್ನ ಹಿತೈಷಿ,
ಸಭೆಯ ಹಿರಿಯ